ಮೂರು ಗೀರಿನ ಮೊಟ್ಟೆ

ನಾನು ಒಂದು ಮೊಟ್ಟೆ. ನಗಬೇಡಿ, ಉಷ್ಟ್ರಪಕ್ಷಿಯ ಮೊಟ್ಟೆ. ಎರಡು ಅಂಗೈ ಸೇರಿಸಿದರೂ ಹಿಡಿಯದಷ್ಟು ದೊಡ್ಡದು. ಕೃಷ್ಣೆಯ ಬಯಲಿನಲ್ಲಿ ಉಷ್ಟ್ರಪಕ್ಷಿ ಎಲ್ಲಿತ್ತು ಎಂದು ಹುಬ್ಬೇರಿಸಲೂ ಬೇಡಿ. ಆಗ ಇತ್ತು. ಊರಿರಲಿಲ್ಲ, ಹೊಲವಿರಲಿಲ್ಲ. ಎದೆಮಟ್ಟದ ಹುಲ್ಲು, ನಡುವೆ ಒಂದು ದೊಡ್ಡ ಮಡು. ಅದರ ದಡದ ಮರಳಿನಲ್ಲಿ ನಾನು ಹುಟ್ಟಿದೆ. ಹಕ್ಕಿಯಾಗಿ ಓಡಬೇಕಿದ್ದ ನಾನು ಬರೀ ಓಡಾಗಿ ಉಳಿದೆ.

ನನ್ನನ್ನು ಕದ್ದವನ ಹೆಸರು ಅಣಕ. ಯಾರನ್ನು ಕಂಡರೂ ಅವರಂತೆ ಮಾಡಿ ತೋರಿಸುವ ಚಾಳಿ ಅವನದು. ಹಕ್ಕಿಯ ತೊಗಲು ಹೊದ್ದು, ಒಂದು ಕೈಯನ್ನು ಕತ್ತಿನಂತೆ ಎತ್ತಿ, ಗೂಡಿನ ಹತ್ತಿರ ಎಷ್ಟು ಚೆನ್ನಾಗಿ ನಡೆದುಬಂದನೆಂದರೆ, ಕಾವು ಕೂತಿದ್ದ ನನ್ನಪ್ಪ ಇನ್ನೊಬ್ಬ ಗಂಡು ಬಂದನೆಂದು ಎದ್ದು ಜಗಳಕ್ಕೇ ನಿಂತ. ಅಷ್ಟರಲ್ಲಿ ಅಣಕನ ಹೆಂಡತಿ ಜೇನಿ ಹಿಂದಿನಿಂದ ಬಂದು ಎರಡು ಮೊಟ್ಟೆ ಎತ್ತಿದಳು. ಉಳಿದವನ್ನು ಮುಟ್ಟಲಿಲ್ಲ. ಅದು ಅವರ ನೇಮ.

ಜೇನಿಯ ತಾಯಿ ಗೌಜವ್ವ ಬಿಳಿಗಲ್ಲಿನ ಮೊನೆಯಿಂದ ನನ್ನ ನೆತ್ತಿಗೆ ತೂತು ಕೊರೆದಳು. ಒಳಗಿದ್ದದ್ದನ್ನು ಎಲ್ಲರೂ ತಿಂದರು. ಹೊರಗಿದ್ದ ನನಗೆ ಮರ್ಯಾದೆ ಸಿಕ್ಕಿತು. ಪಕ್ಕೆಗೆ ಮೂರು ಗೀರು ಎಳೆದು, "ಇದು ನಂದು" ಎಂದಳು ಗೌಜವ್ವ. ಅವರ ಮಾತು ನಿಮ್ಮ ಮಾತಾಗಿರಲಿಲ್ಲ. ಆದರೆ ಇಷ್ಟು ಸಾವಿರ ವರ್ಷ ಇದೇ ಮಣ್ಣಿನಲ್ಲಿ ಮಲಗಿದ ಮೇಲೆ, ಈ ಸೀಮೆಯವರ ಮಾತಿನಲ್ಲೇ ಹೇಳುವುದು ನನಗೆ ಸಲೀಸು.

ಸಂಜೆ ಬೆಂಕಿಯ ಮುಂದೆ ಅಣಕನ ಆಟ. ಒಮ್ಮೆ ಹಕ್ಕಿ, ಒಮ್ಮೆ ದಾರಿಯ ಬನ್ನಿ ಮರ, ಕೊನೆಗೆ ತಪ್ಪದೆ ಅತ್ತೆ. ಹಿಮ್ಮಡಿ ದಪ್ಪನೆ ಊರಿ, ಸೊಂಟ ಬಲಕ್ಕೆ ಒಗೆದು, ಉದ್ದುದ್ದ ಹೆಜ್ಜೆ ಹಾಕುವ ಗೌಜವ್ವನ ನಡಿಗೆ. ಎಲ್ಲರೂ ಬಿದ್ದು ನಗುತ್ತಿದ್ದರು. ಗೌಜವ್ವ ಎಲುಬು ಎಸೆಯುತ್ತಿದ್ದಳು.

"ನನ್ನ ನಡಿಗಿ ನನಗ ಇರ್ಲಿ ಬಿಡೋ ಅಳಿಯಾ. ನಿನಗ ಹಕ್ಕಿ ಸಾಲ್ವಲ್ದೇನು?"

ಮಡುವಿನಿಂದ ಗುಡ್ಡದ ಒರತೆಗೆ ಎರಡು ಹಗಲಿನ ದಾರಿ. ನಡುವೆ ಹನಿ ನೀರಿಲ್ಲ. ಅದಕ್ಕೇ ಮಳೆಗಾಲದ ಕೊನೆಗೆ ಮೊಟ್ಟೆಯಲ್ಲಿ ನೀರು ತುಂಬಿ ದಾರಿಯಲ್ಲಿ ಹೂಳುತ್ತಿದ್ದರು. ಗುರುತಿಗೆ ಕಲ್ಲು ಒಟ್ಟುವಂತಿರಲಿಲ್ಲ, ಕಂಡವರು ಅಗೆಯುತ್ತಾರೆ. ಬನ್ನಿ ಮರದ ಒಂದೊಂದು ಟೊಂಗೆ ಒಬ್ಬೊಬ್ಬರದು. ಟೊಂಗೆ ತೋರಿದ ಕಡೆ ನಲವತ್ತು ಹೆಜ್ಜೆ ನಡೆದು ಹೂಳಬೇಕು. ಹೂಳಿದವರು ಕೊನೆಗೆ ಕುಡಿಯಬೇಕು. ಗೌಜವ್ವನದು ಮೊಣಕೈಯಂತೆ ಬಾಗಿದ ಟೊಂಗೆ. ಅವಳು ನನ್ನ ಬಾಯಿಗೆ ಜೇನುಮೇಣ ಮೆತ್ತಿ, ಮೊಳದಾಳದಲ್ಲಿಟ್ಟು, ಮಣ್ಣು ಎಳೆದು ಹೋದಳು.

ಮುಂದಿನ ಮಳೆ ಬರಲೇ ಇಲ್ಲ. ಮಣ್ಣು ಒಣಗಿ ನನ್ನನ್ನು ಹಿಂಡತೊಡಗಿತು. ಒಂದು ದಿನ ಆನೆಗಳು ಬಂದವು. ತೊಗಟೆ ಸುಲಿಯುವ ಸದ್ದು, ಬೇರು ಕಿತ್ತ ಸದ್ದು. ಆಮೇಲೆ ಏನೂ ಇಲ್ಲ.

ಅದೆಷ್ಟೋ ಬಿಸಿಲಿನ ಬಳಿಕ ಮಡುವಿನ ಕಡೆಯಿಂದ ಹೆಜ್ಜೆಗಳು ಕೇಳಿದವು. ಎರಡು ಜೋಡಿ ಗುರುತಿನವು. ಮೂರನೆಯದು ಒಂದು ಕಾಲು ಊರಿ ಇನ್ನೊಂದನ್ನು ಎಳೆಯುತ್ತಿತ್ತು.

"ಮರಾನ ಇಲ್ಲ ಅತ್ತಿ. ಆನಿ ಬೇರು ಸಮೇತ ಕಿತ್ತು ಎಳಕೊಂಡು ಹೋಗ್ಯಾವ. ಬರೇ ತಗ್ಗು ಐತಿ."

"ಯವ್ವಾ," ಎಂದಳು ಜೇನಿ, "ಕೂಸು ಅಳೋದು ಬಿಟ್ಟೈತಿ."

ಹೋದ ಮಳೆಗಾಲದಲ್ಲಿ ಜೇನಿಯ ಹೊಟ್ಟೆಯಲ್ಲಿದ್ದ ಕೂಸು ಅದು.

"ತಗ್ಗಿನ್ಯಾಗ ಇಳಿ," ಎಂದಳು ಗೌಜವ್ವ. "ಮರ ಆಗು. ಬೆಂಕಿ ಮುಂದ ದಿನಾ ಆಗ್ತಿದ್ದಿಲ್ಲ?"

ಅಣಕ ಇಳಿದು ಕೈ ಚಾಚಿದ.

"ನನ್ನ ಟೊಂಗಿ?"

"ಎಡಗೈ."

"ಅಲುಗಾಡಬ್ಯಾಡ ಮತ್ತ."

ಜೇನಿ ಅವನ ಕೈ ತೋರಿದ ಕಡೆಗೆ ಕೋಲಿನಿಂದ ಗೆರೆ ಎಳೆದಳು. ಗೆರೆಯ ಮೇಲೆ ಗೌಜವ್ವ ನಡೆದಳು. ಊರಿ, ಎಳೆದು, ಊರಿ, ಎಳೆದು. ನಲವತ್ತಕ್ಕೆ ನಿಂತಳು. ಅಗೆಯುವ ಕೋಲು ನೆಲಕ್ಕೆ ಬಿತ್ತು. ನಾನು ಇನ್ನೂ ಹನ್ನೆರಡು ಮೊಳ ಆಚೆಗಿದ್ದೆ. ನನಗೂ ಬಾಯಿಯಿತ್ತು, ಅದಕ್ಕೆ ಮೇಣ ಮೆತ್ತಿದವಳೇ ಈಗ ನನ್ನನ್ನು ಹುಡುಕುತ್ತಿದ್ದಳು. ಅಗೆದರು, ಅಗಲಿಸಿದರು, ಮತ್ತೆ ಅಗೆದರು. ಕೋಲಿನ ಪೆಟ್ಟು ಮೆತ್ತಗಾಗುತ್ತ ಬಂತು.

"ಅತ್ತಿ," ಎಂದ ಅಣಕ, "ನಲವತ್ತು ಹೆಜ್ಜಿ ಖರೇ. ಆದ್ರ ಹೂಳಿದ ಕಾಲು ಬ್ಯಾರೆ. ಹಂದಿ ತಿವಿಯೋಕಿಂತ ಮೊದಲಿನ ಕಾಲು ಅದು."

ಗೌಜವ್ವ ಅಗೆಯುವ ಕೋಲನ್ನು ಕೆಳಗಿಟ್ಟಳು.

"ನನ್ನ ಆ ನಡಿಗಿ ನೆನಪೈತೇನು ನಿನಗ?"

"ಅಷ್ಟು ಬೈಸಿಕೊಂಡೀನಿ. ಮರೀತದೇನ್ರಿ?"

"ಹಂಗಾರ ನಡಿ. ನಗಸಾಕ ನಡೀಬ್ಯಾಡ. ನನ್ನಂಗ ನಡಿ."

ತಗ್ಗಿನಿಂದ ಹೆಜ್ಜೆ ಹೊರಟಿತು. ನನ್ನನ್ನು ಹೂಳಿದ ದಿನದ ಹೆಜ್ಜೆ. ಹಿಮ್ಮಡಿಯ ದಪ್ಪನೆಯ ಪೆಟ್ಟು, ಒಗೆದ ಸೊಂಟದ ಭಾರ. ಹತ್ತು. ಇಪ್ಪತ್ತು. ಅಗೆದ ಗುಂಡಿ ದಾಟಿತು. ಮೂವತ್ತೆಂಟು, ಮೂವತ್ತೊಂಬತ್ತು. ನಲವತ್ತನೆಯ ಹಿಮ್ಮಡಿ ನನ್ನ ನೆತ್ತಿಯ ಮೇಲೇ ಬಿತ್ತು.

ಜೇನಿ ಅವಸರದಲ್ಲಿ ಅಗೆದಳು. ಕೋಲು ನನ್ನ ಪಕ್ಕೆಗೆ ತಾಗಿತು. ಟಕ್. ಬಿರುಕಿನಿಂದ ನೀರು ಮರಳಿಗಿಳಿಯತೊಡಗಿತು. ಅವಳು ಅಂಗೈ ಒತ್ತಿ ನನ್ನನ್ನು ಎತ್ತಿದಳು. ಬೆರಳದ್ದಿ ಕೂಸಿನ ತುಟಿಗೆ ಹಚ್ಚಿದಳು. ಒಂದು ಸಲ. ಎರಡು ಸಲ. ಮೂರನೆಯ ಸಲ ಕೂಸು ಬೆರಳು ಕಚ್ಚಿತು. ಆಮೇಲೆ ಗುಟುಕು ಗುಟುಕಾಗಿ ಕುಡಿಯಿತು. ಹಾಲೂಡಬೇಕಾದ ಜೇನಿ ಕುಡಿದಳು. ಅಣಕ ಎರಡು ಗುಟುಕು ಕುಡಿದ. ಕೊನೆಗೆ ಗೌಜವ್ವ ನನ್ನನ್ನು ಎತ್ತಿ ಹಿಡಿದಳು. ಗಂಟಲು ಕುಣಿಯಿತು. ಬಾಯೊರೆಸಿಕೊಂಡಳು.

"ಸಾಕವ್ವ. ಹೊಟ್ಟಿ ತುಂಬಿತು. ನಡೀರಿನ್ನ."

ನನ್ನೊಳಗೆ ಹನಿಯೂ ಇರಲಿಲ್ಲ. ಅದು ನನಗೆ ಗೊತ್ತು. ಅವಳ ಗಂಟಲನ್ನೇ ನೋಡುತ್ತಿದ್ದ ಅಣಕನಿಗೂ ಗೊತ್ತಾಯಿತು. ಮಾಡಿ ತೋರಿಸುವ ಕಸುಬು ಅವನದೇ ತಾನೆ. ಅವಳ ಮುಂದೆ ಬೆನ್ನು ಬಗ್ಗಿಸಿ ಕೂತ.

"ಏರ್ರಿ ಅತ್ತಿ. ನಿಮ್ಮ ನಡಿಗಿ ಈಗ ನನ್ನ ಹತ್ರ ಐತಿ. ನಾನಽ ನಡೀತೀನಿ."

ಒಡೆದ ಮೊಟ್ಟೆ ತನ್ನ ಗುಂಡಿಗೇ ಮರಳಬೇಕು. ಜೇನಿ ನನ್ನನ್ನು ಮಲಗಿಸಿ ಮಣ್ಣು ಮುಚ್ಚಿದಳು. ಹೆಜ್ಜೆಗಳು ಗುಡ್ಡದ ಕಡೆ ಹೋದವು. ಒರತೆ ಮುಟ್ಟಿದರೋ ಇಲ್ಲವೋ, ಹೇಳುವವರಿಲ್ಲ. ನಾನು ಬಿರುಕು ಬಿಟ್ಟುಕೊಂಡೇ ಕಾದೆ.

ಐದಾರು ಮಳೆಗಾಲದ ಮೇಲೆ ಎರಡು ಜೋಡಿ ಹೆಜ್ಜೆ ಬಂದವು, ಒಂದು ದೊಡ್ಡದು, ಒಂದು ಚಿಕ್ಕದು. ಎರಡೂ ಒಂದೇ ನಡಿಗೆ.

"ಹಿಮ್ಮಡಿ ಊರು," ಎಂದ ಅಣಕ. "ಸೊಂಟ ಒಗಿ. ನಿಮ್ಮವ್ವನ ಅವ್ವ, ನಿಮ್ಮಾಯಿ, ಹಿಂಗ ನಡೀತಿದ್ಲು."

"ಆಯಿ ಬೈತಿದ್ಲಂತಲ್ಲ?" ಎಂದಿತು ಅಂದಿನ ಕೂಸು.

"ಬೈತಿದ್ಲು. ಅದನ್ನೂ ಮಾಡಿ ತೋರಿಸ್ಲೇನು?"

ಅವರು ನೀರು ಹೂಳಲು ಬಂದಿದ್ದರು. ಮೊಟ್ಟೆಯಲ್ಲಲ್ಲ, ಜಿಂಕೆಯ ತೊಗಲಿನ ಚೀಲದಲ್ಲಿ. ನನ್ನ ಕುಲದ ಹಕ್ಕಿಗಳು ಆಗಲೇ ಅಪರೂಪ.

ಆಮೇಲೆ ಹುಲ್ಲು ಹೋಯಿತು, ಮುಳ್ಳು ಬಂತು, ಮುಳ್ಳು ಹೋಗಿ ಜೋಳ ಬಂತು. ಈಗ ನಾನು ಉಗುರಿನಷ್ಟು ಚೂರು, ಅದರ ಮೇಲೆ ಒಂದೂವರೆ ಗೀರು. ಕಳೆ ತೆಗೆಯುವ ಹೆಂಗಸರು ಸಾಲಿನಲ್ಲಿ ಸಾಗುವಾಗ ನಾನು ಹೆಜ್ಜೆ ಆಲಿಸುತ್ತೇನೆ. ಅವರಲ್ಲೊಬ್ಬಳು ಹಿಮ್ಮಡಿ ದಪ್ಪನೆ ಊರಿ, ಸೊಂಟ ಬಲಕ್ಕೆ ಒಗೆದು ನಡೆಯುತ್ತಾಳೆ. ಯಾರನ್ನು ಅಣಕಿಸುತ್ತಿದ್ದೇನೆಂದು ಅವಳಿಗೆ ಗೊತ್ತಿಲ್ಲ.