ಭೂಮಿ ಹುಣ್ಣಿಮೆಗೆ ಹೊರಟ ಜೀಪು

ಹೊಸ ಜೀಪು ಮನೆಗೆ ಬಂದ ಮಾರನೆಯ ದಿನವೇ ಅದರ ಹಿಂದಿನ ಸೀಟು ಕಿತ್ತು ಕೆಳಗಿಟ್ಟ ಪುಣ್ಯಾತ್ಮ ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ಪರಮಶಿವಪ್ಪ ಒಬ್ಬನೇ. ಬಾನೆಟ್ಟಿನ ಮೇಲೆ ಬಳಿದ ವಿಭೂತಿ ಕುಂಕುಮ ಇನ್ನೂ ಒಣಗಿರಲಿಲ್ಲ. ಜನ ಬಂದು ನೋಡಿ, ಮುಟ್ಟಿ, ಹಾರನ್ ಒತ್ತಿ ಹೋಗುವ ಸಂಭ್ರಮದಲ್ಲಿದ್ದರೆ, ಇವನು ಅದನ್ನು ಶಿರಾಳಕೊಪ್ಪದಲ್ಲಿ ಲೋಕಪ್ಪನ ಕುಲುಮೆಯ ಮುಂದೆ ತಂದು ನಿಲ್ಲಿಸಿ, ಇದನ್ನು ಎಂಥ ಕೆಟ್ಟ ದಾರಿಯಲ್ಲಾದರೂ ಹೋಗುವ ಹಾಗೆ ಮಾಡಿಕೊಡು ಎಂದ.

ಲೋಕಪ್ಪ ಎತ್ತಿನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿಯುವವನು, ನೇಗಿಲಿಗೆ ಗುಳ ತಟ್ಟುವವನು. ಮೋಟಾರಿನ ಒಳಗನ್ನು ಜನ್ಮದಲ್ಲಿ ನೋಡಿದವನಲ್ಲ. ಆದರೆ ಗೊತ್ತಿಲ್ಲ ಎನ್ನುವ ಮಾತು ಅವನ ಬಾಯಲ್ಲಿ ಬರುವುದಿಲ್ಲ. ಮೂರು ಸುತ್ತು ಹಾಕಿದ, ಮಲಗಿ ಕೆಳಗೆ ಇಣುಕಿದ, ಎದ್ದು ಬೆನ್ನಿನ ಧೂಳು ಕೊಡವಿಕೊಂಡು, ಇದರ ಯಾವ ಗಾಲಿ ಎಳೆಯುತ್ತದೆ ಎಂದು ಕೇಳಿದ. ಪರಮಶಿವಪ್ಪ ಎದೆಯುಬ್ಬಿಸಿ, ಕೆಳಗಿನ ಪುಟ್ಟ ಗೇರು ಹಾಕಿದರೆ ನಾಲ್ಕೂ ಎಳೆಯುತ್ತವೆ ಎಂದು ತೋರಿಸಿದ.

"ಹಂಗಾರೆ ಎರಡು ಜೊತೆ ಎತ್ತು ಒಳಗೇ ಕಟ್ಟಿದಾರೆ ಅನ್ನಿ ಸಾವ್ಕಾರ್ರೆ," ಎಂದು ಲೋಕಪ್ಪ ತೀರ್ಪು ಕೊಟ್ಟು ತಿದಿ ಒತ್ತತೊಡಗಿದ.

ಭತ್ತದ ವ್ಯಾಪಾರ ಕೈ ಹತ್ತಿದ್ದರಿಂದ ಪರಮಶಿವಪ್ಪನಿಗೆ ಶೋಕಿ ಬಂದಿದೆ ಎಂದು ಊರು ಆಡಿಕೊಂಡಿತು. ಆಡಿಕೊಳ್ಳಲಿ, ಊರಿಗೂ ಕೆಲಸ ಬೇಕಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು. ಸೊರಬದಾಚೆ, ಕ್ಯಾಸನೂರಿನ ಕಾಡಂಚಿನ ಹಳ್ಳಿಗೆ ಕೊಟ್ಟಿದ್ದ ತನ್ನ ಅಕ್ಕ ಅಕ್ಕನಾಗಮ್ಮ ಈ ಸಲದ ಭೂಮಿ ಹುಣ್ಣಿಮೆಗೆ ತವರಿಗೆ ಬರಬೇಕು, ಬಳ್ಳಿಗಾವಿಯ ಮಗ್ಗುಲಿನ ತಮ್ಮ ಗದ್ದೆಯ ಬದುವಿನ ಮೇಲೆ ಕೂತು ಉಣ್ಣಬೇಕು. ತಾಯಿ ಸತ್ತಾಗ ಅವನಿಗೆ ಎರಡು ವರ್ಷ. ಅಕ್ಕನೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಆ ಸೊಂಟವನ್ನೇ ಅವನು ಒಂಬತ್ತು ವರ್ಷದ ಹಿಂದೆ ಮುರಿದು ಹಾಕಿದ್ದ.

ಅದೂ ಭೂಮಿ ಹುಣ್ಣಿಮೆಯ ಹಿಂದಿನ ದಿನವೇ. ಅಕ್ಕನನ್ನು ಕೂರಿಸಿಕೊಂಡು ಬರುತ್ತಿದ್ದವನು ತಮ್ಮ ಗದ್ದೆಯ ಹತ್ತಿರದ ಇಳಿಜಾರಿನಲ್ಲಿ ಎತ್ತು ಓಡಿಸಿದ, ಗಾಡಿ ಮಗುಚಿತು. ಮನೆಯವರೆಲ್ಲ ಸುತ್ತ ನಿಂತು ಕೇಳಿದಾಗ, ಜೋರಾಗಿ ಹೊಡೆದೆ, ತಪ್ಪು ನನ್ನದೇ ಎಂದ. ಅದರ ಮುಂದೆ ಒಂದಕ್ಷರ ಆಡಲಿಲ್ಲ. ಅಪ್ಪ ಬೈದ, ಭಾವ ಬೈದ, ಕಡೆಗೆ ನಾಟಿವೈದ್ಯನೂ ಬೈದ. ಅಕ್ಕನಾಗಮ್ಮ ಮೂರು ತಿಂಗಳು ಹಲಗೆಯ ಮೇಲೆ ಮಲಗಿದ್ದು, ಕುಂಟುತ್ತ ಗಂಡನ ಮನೆಗೆ ಹೋದವಳು ಮತ್ತೆ ಬರಲಿಲ್ಲ. ಅಪ್ಪ ತೀರಿಕೊಂಡಾಗ ಅವಳೇ ಜ್ವರದಲ್ಲಿ ಮಲಗಿದ್ದಳು, ಆಗಲೂ ಬರಲಾಗಲಿಲ್ಲ. ಪರಮಶಿವಪ್ಪ ಪ್ರತಿವರ್ಷ ಸೊರಬದವರೆಗೆ ಬಸ್ಸಿನಲ್ಲಿ, ಅಲ್ಲಿಂದ ಕಾಲುನಡಿಗೆಯಲ್ಲಿ ಹೋಗಿ ಕರೆಯುವುದು, ಈ ಸೊಂಟಕ್ಕೆ ಗಾಡಿ ಕುಲುಕಾಟ ತಡೆಯಲ್ಲ ಎಂದು ಅವಳು ಹೇಳುವುದು, ಅವನು ಸೀರೆ ಕೊಟ್ಟು ಬರುವುದು, ಇಷ್ಟೇ ನಡೆದಿತ್ತು.

ಹಿಂದಿನ ವರ್ಷ ಆ ಕಾಡಿನಲ್ಲಿ ಮಂಗಗಳು ಸತ್ತು, ಜನಕ್ಕೂ ಜ್ವರ ಬಂದು, ದೊಡ್ಡ ಊರಿನ ಡಾಕ್ಟರುಗಳು ಜೀಪಿನಲ್ಲಿ ಬಂದಿಳಿದಿದ್ದರು. ಗಾಡಿ ಹೋಗದ ಕೊರಕಲಿನಲ್ಲಿ ಆ ಜೀಪುಗಳು ಏರಿ ಇಳಿಯುವುದನ್ನು ಪರಮಶಿವಪ್ಪ ಕಣ್ಣಾರೆ ಕಂಡ. ಕಂಡವನಿಗೆ ಆಮೇಲೆ ಊಟ ರುಚಿಸಲಿಲ್ಲ.

ಹೀಗೆ ಲೋಕಪ್ಪನ ಕುಲುಮೆ ಎಂಟು ದಿನ ಹಗಲೆಲ್ಲ ಉರಿಯಿತು. ಜೀಪಿನ ಹೊಟ್ಟೆಗೆ ಕಲ್ಲು ಬಡಿಯದಂತೆ ದಪ್ಪ ತಗಡು ಬಂತು. ಮುಂದೆ ಹಿಂದೆ ಹಗ್ಗ ಕಟ್ಟಲು ಮಣಿಕಟ್ಟಿನಷ್ಟು ದಪ್ಪದ ಕೊಂಡಿ ಬಂದವು. ಎಡಮಗ್ಗುಲಿಗೆ ಗುದ್ದಲಿ, ಹಾರೆ, ಸಲಿಕೆ ಮೂರನ್ನೂ ಸಿಕ್ಕಿಸಲು ಒಂದೊಂದಕ್ಕೂ ಅದರದೇ ಆಕಾರದ ಕೊಕ್ಕೆ ಮಾಡಿ, ಲೋಕಪ್ಪ ದಿನಕ್ಕೆ ಹತ್ತು ಸಲ ಅವನ್ನು ತೆಗೆದು ಸಿಕ್ಕಿಸಿ ನೋಡಿ ಹಿಗ್ಗಿದ. ಎಲ್ಲಿ ಹೂತರೂ ಚಣದಲ್ಲಿ ಅಗೆದು ಹಾಕಬಹುದು ಎನ್ನುವುದು ಅವನ ಧೈರ್ಯ. ಕ್ಯಾನ್ವಾಸಿನ ಬದಲು ಬಿದಿರು ಚಾಪೆಯ ಕಮಾನು ಕಟ್ಟಿದರು. ಸೀಟು ಕಿತ್ತ ಜಾಗಕ್ಕೆ, ಭತ್ತದ ಹುಲ್ಲು ಬಡಿದು ಮೆತ್ತಗೆ ಮಾಡಿ ಗೋಣಿಯಲ್ಲಿ ತುಂಬಿ ಹೊಲಿದ ಮೊಳದೆತ್ತರದ ಹಾಸಿಗೆ. ಅದರ ಪಕ್ಕ, ಅಕ್ಕನಿಗೆ ಹಿಡಿದುಕೊಳ್ಳಲು ಒಂದು ಹಿಡಿ ಬೇಕಿತ್ತು. ಪರಮಶಿವಪ್ಪ ಅಟ್ಟ ಹತ್ತಿ ಅಪ್ಪನ ಹಳೇ ನೇಗಿಲು ಇಳಿಸಿ, ಅಪ್ಪ ಕೈಯಿಟ್ಟು ಇಟ್ಟು ನುಣುಪಾಗಿದ್ದ ಅದರ ಮೇಳಿಯನ್ನೇ ಬಿಚ್ಚಿ ತಂದು ಬೋಲ್ಟು ಹಾಕಿಸಿದ.

ಪರೀಕ್ಷೆಗೆಂದು ಹೊರಟಾಗ ಮಾತ್ರ ಮರ್ಯಾದೆ ಹೋಯಿತು. ನಮ್ಮ ಕಡೆಯ ದಾರಿಗಳನ್ನು ಮಾಡಿದ್ದು ಸರ್ಕಾರವಲ್ಲ, ಎತ್ತಿನ ಗಾಡಿಗಳು. ಗಾಲಿ ಉರುಳಿ ಉರುಳಿ ಎರಡು ಆಳದ ಜಾಡು, ನಡುವೆ ದಿಬ್ಬ. ಜೀಪಿನ ಎಡಗಾಲಿ ಜಾಡಿಗೆ ಇಳಿದರೆ ಬಲಗಾಲಿ ದಿಬ್ಬದ ಮೇಲೇ ಉಳಿಯಿತು. ಗಾಡಿ ವಾಲಿ ಲೋಕಪ್ಪ ಒಂದು ಕಡೆಗೆ, ಪರಮಶಿವಪ್ಪ ಅವನ ತೊಡೆಯ ಮೇಲೆ. ಕೆಳಗಿಳಿದು ಅಳೆದು ನೋಡಿದರೆ ಜೀಪಿನ ಅಗಲ ಎತ್ತಿನ ಗಾಡಿಗಿಂತ ಒಂದು ಗೇಣು ಕಮ್ಮಿ. ಮಾಡೋಕೆ ಮುಂಚೆ ಕಂಪನಿಯವರು ತನ್ನನ್ನು ಒಂದು ಮಾತು ಕೇಳಬೇಕಿತ್ತು ಎಂದು ಲೋಕಪ್ಪ ನಿಜವಾಗಿಯೂ ಬೇಸರಪಟ್ಟ. ಕಡೆಗೆ ಒಂದು ಗಾಲಿ ದಿಬ್ಬದ ಮೇಲೆ, ಇನ್ನೊಂದು ಜಾಡಿನಾಚೆಯ ಹುಲ್ಲಿನ ಮೇಲೆ ಇಟ್ಟುಕೊಂಡು ಹೋಗುವುದನ್ನು ಪರಮಶಿವಪ್ಪ ಬೆವರು ಸುರಿಸಿ ಕಲಿತ.

ಎಲ್ಲ ಮುಗಿದ ಸಂಜೆ ಅವನ ಹೆಂಡತಿ ನೀಲಾಂಬಿಕ ಬಂದು ಸೊಂಟದ ಮೇಲೆ ಕೈಯಿಟ್ಟು ಜೀಪು ನೋಡಿದಳು. "ಗುದ್ದಲಿ ಐತೆ, ಹಾರೆ ಐತೆ, ಹಾಸಿಗೆ ಐತೆ. ಅಕ್ಕ ಬರ್ತೀನಿ ಅಂದಾರೇನ್ರೀ?"

ಪರಮಶಿವಪ್ಪ ಕೇಳುವುದನ್ನೇ ಮರೆತಿದ್ದ.

ಮಾರನೆಯ ದಿನ, ಮನೆಯಲ್ಲಿ ಜೀಪಿರುವುದನ್ನೂ ಮರೆತು, ಹಳೇ ಅಭ್ಯಾಸದಂತೆ ಬಸ್ಸು ಹಿಡಿದು ಓಡಿದ. ಅಕ್ಕನಾಗಮ್ಮ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದಳು. ಹಾಸಿಗೆಯ ಎತ್ತರ, ಹೊಟ್ಟೆಯ ತಗಡು, ನಾಲ್ಕು ಗಾಲಿಯ ಎಳೆತ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವಳು ಕೇಳಿದ್ದು ಒಂದೇ: ಹೊಡೆಯುವವರು ಯಾರು? ನಾನೇ ಎಂದ ಪರಮಶಿವಪ್ಪನ ದನಿ ಸಣ್ಣಗಾಗಿತ್ತು. ಅವಳು ಮೊರದಿಂದ ಒಂದು ಕಲ್ಲು ಆರಿಸಿ ಎಸೆದಳು. ಆಮೇಲೆ, ಹಬ್ಬದ ಬೆಳಗಿನ ಜಾವ ನಮ್ಮ ಮನೆಯ ಗದ್ದೆಗೆ ಉಣಿಸಿ ಮುಗಿಸುತ್ತೇನೆ, ಬಂದು ನಿಲ್ಲಿಸು, ಹತ್ತುತ್ತೇನೋ ಇಲ್ಲವೋ ಆಗ ನೋಡೋಣ ಎಂದಳು. ನೀಲಾಂಬಿಕ ಇದನ್ನು ಕೇಳಿ ತನ್ನ ಷರತ್ತನ್ನೂ ಸೇರಿಸಿದಳು. ಬಸುರಿಯನ್ನು ಹಸಿವಿನಲ್ಲಿ ಕೂರಿಸಬಾರದು, ಹೊತ್ತು ನೆತ್ತಿಗೆ ಬರುವವರೆಗೆ ಬುಟ್ಟಿ ಹೊತ್ತು ಕಾಯುತ್ತೇನೆ, ಅದರ ಮೇಲೆ ಕಾಯುವುದಿಲ್ಲ.

ಬಸುರಿ ಎಂದರೆ ಭೂಮಿ. ಭತ್ತ ಹೊಡೆ ತುಂಬಿ ನಿಂತಿರುವ ಆ ಹುಣ್ಣಿಮೆಯಂದು ಭೂಮಿತಾಯಿಗೆ ಬಯಕೆಯ ಊಟ. ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಬುಟ್ಟಿಯಲ್ಲಿ ಕಡುಬು, ಪಲ್ಯ, ಬುತ್ತಿ ತುಂಬಿ ಗದ್ದೆಗೆ ಹೊತ್ತೊಯ್ದು ಉಣಿಸುತ್ತಾರೆ. ಆಮೇಲೆ ಎಲ್ಲರೂ ಬದುವಿನ ಮೇಲೆ ಕೂತು ಉಣ್ಣುತ್ತಾರೆ.

ಪರಮಶಿವಪ್ಪ ಹಿಂದಿನ ದಿನವೇ ಹೋಗಿ ಅಕ್ಕನ ಊರಿನಲ್ಲಿ ಉಳಿದ. ತನ್ನ ಕಬ್ಬಿಣವನ್ನು ಪರರ ಕೈಗೆ ಬಿಡಲಾರದೆ ಲೋಕಪ್ಪನೂ ಹೊಸ ರುಮಾಲು ಸುತ್ತಿ ಜೊತೆಗೆ ಬಂದಿದ್ದ. ಬೆಳಿಗ್ಗೆ ಗದ್ದೆಯಿಂದ ಬಂದ ಅಕ್ಕನಾಗಮ್ಮ ಕುಂಟುತ್ತ ಜೀಪಿನ ಸುತ್ತ ಒಂದು ಸುತ್ತು ಬಂದಳು. ಒಳಗೆ ಕೈಹಾಕಿ ಮೇಳಿ ಮುಟ್ಟಿದಳು. "ಅಪ್ಪಂದು," ಎಂದಳು. ಹತ್ತಿ ಕೂತಳು. ಪರಮಶಿವಪ್ಪನಿಗೆ ಕುಣಿಯುವಷ್ಟು ಖುಷಿಯಾದರೂ ಕುಣಿಯುವ ಕಾಲು ಕ್ಲಚ್ಚಿನ ಮೇಲಿತ್ತು.

ಅವತ್ತು ಅವನು ಓಡಿಸಿದಷ್ಟು ನಿಧಾನವಾಗಿ ಜೀಪು ಓಡಿಸಲು ಇನ್ನೊಬ್ಬನಿಂದ ಆಗಲಿಕ್ಕಿಲ್ಲ. ಸೊರಬ ದಾಟುವುದರೊಳಗೆ ಒಬ್ಬ ಸೈಕಲ್ಲಿನವನು ಹಿಂದೆ ಹಾಕಿ ಹೋದ, ದಾರಿಯಲ್ಲಿ ಎಲೆಯಡಿಕೆ ಹಾಕಲು ನಿಂತ, ಮತ್ತೆ ಹತ್ತಿ ಮತ್ತೊಮ್ಮೆ ಹಿಂದೆ ಹಾಕಿದ. ಪ್ರತಿ ಗುಂಡಿಗೂ ಪರಮಶಿವಪ್ಪ ತಿರುಗಿ ನೋವಾಯಿತೇ ಎಂದು ಕೇಳುತ್ತಿದ್ದ, ಅಕ್ಕ ತಲೆಯಾಡಿಸುತ್ತಿದ್ದಳು. ಶಿರಾಳಕೊಪ್ಪ ದಾಟುವಾಗ ಬಿಸಿಲು ಚುರುಕಾಗಿತ್ತು. ಬಳ್ಳಿಗಾವಿ ಕಳೆದು ಗದ್ದೆಯ ದಾರಿಗೆ ತಿರುಗಿದಾಗ ದೂರದಲ್ಲಿ ಬುಟ್ಟಿ ಹೊತ್ತು ನಿಂತ ನೀಲಾಂಬಿಕ ಕಂಡಳು. ಮುಂದೆಯೇ ಆ ಇಳಿಜಾರು, ಒಂಬತ್ತು ವರ್ಷದ ಹಿಂದಿನದೇ. ಅದನ್ನು ಕಂಡದ್ದೇ ಪರಮಶಿವಪ್ಪ ತಿರುಗಿ ಅಕ್ಕನನ್ನು ನೋಡಿದ. ದಿಬ್ಬದ ಮೇಲಿದ್ದ ಗಾಲಿ ಜಾರಿ ಜಾಡಿಗೆ ಬಿತ್ತು, ಜೀಪು ಅಚ್ಚಿನವರೆಗೆ ಕೆಸರಿನಲ್ಲಿ ಕೂತಿತು.

ಪುಟ್ಟ ಗೇರು ಹಾಕಿದ. ನಾಲ್ಕೂ ಗಾಲಿ ಗಿರಗಿರನೆ ಸುತ್ತಿ, ಕೆಸರೆಲ್ಲ ಹಾರಿ ಲೋಕಪ್ಪನ ರುಮಾಲಿಗೆ ಬಿತ್ತು. ಆದರೂ ಲೋಕಪ್ಪನ ಮುಖದಲ್ಲಿ ಕಳೆ. ಎಂಟು ದಿನದ ಶ್ರಮಕ್ಕೆ ಸಾರ್ಥಕದ ಗಳಿಗೆ ಬಂದಿತ್ತು. ಕೊಕ್ಕೆಯಿಂದ ಗುದ್ದಲಿ ಎಳೆದು, ಗಾಲಿಯ ಮುಂದಿನ ಮಣ್ಣಿಗೆ ಎತ್ತಿ ಹಿಡಿದ.

"ಗುದ್ದಲಿ ಇಳಿಸು. ಇವತ್ತು ಯಾವ ದಿನ?"

ಅಕ್ಕನಾಗಮ್ಮನ ದನಿ. ಗುದ್ದಲಿ ಎತ್ತಿದ ಕೈ ಎತ್ತಿದಲ್ಲೇ ನಿಂತಿತು. ಭೂಮಿ ಹುಣ್ಣಿಮೆಯಂದು ಯಾರೂ ನೆಲಕ್ಕೆ ಕಬ್ಬಿಣ ತಾಗಿಸುವುದಿಲ್ಲ. ಬಸುರಿಯ ಮೈ ಅಗೆಯುತ್ತಾರೆಯೇ? ಹಾಲು ಕುಡಿಯುವ ಮಕ್ಕಳಿಗೂ ಗೊತ್ತಿರುವ ಮಾತು. ಎತ್ತಿಗೆ ನೊಗ ಇಡುವುದಿಲ್ಲ, ಆದ್ದರಿಂದ ಮಣಿಕಟ್ಟಿನಷ್ಟು ದಪ್ಪದ ಕೊಂಡಿಯೂ ದಂಡ. ಇದೇ ಹಬ್ಬಕ್ಕೆಂದು ಎಂಟು ದಿನ ಗುದ್ದಲಿ ಹಾರೆ ಜೋಡಿಸಿದ ಇಬ್ಬರು ದೊಡ್ಡ ಮನುಷ್ಯರಿಗೂ ಇದು ಹೊಳೆದಿರಲಿಲ್ಲ. ಇದು ಗದ್ದೆಯಲ್ಲವಲ್ಲ, ದಾರಿಯಲ್ಲವೇ ಎಂದು ಲೋಕಪ್ಪ ಗೊಣಗಿ ನೋಡಿದ.

"ದಾರಿ ಏನು ಬೇರೆ ಭೂಮಿ ಮೇಲೆ ಐತೇನೋ?" ಎಂದಳು ಅಕ್ಕನಾಗಮ್ಮ.

ಲೋಕಪ್ಪ ಗುದ್ದಲಿಯನ್ನು ಕೊಕ್ಕೆಗೆ ಸಿಕ್ಕಿಸಿ ದೂರ ಹೋಗಿ ನಿಂತ. ಪರಮಶಿವಪ್ಪ ಆಕಾಶ ನೋಡಿದ, ಹೊತ್ತು ನೆತ್ತಿಗೆ ಇನ್ನೇನು ಒಂದು ಮಾರು. ಅಕ್ಕ ಅಷ್ಟರಲ್ಲಿ ಮೇಳಿ ಹಿಡಿದು ಕೆಳಗಿಳಿದು, ತಾನು ಕೂತಿದ್ದ ಹುಲ್ಲಿನ ಹಾಸಿಗೆಯನ್ನು ಜಗ್ಗುತ್ತಿದ್ದಳು. ಅದನ್ನು ಬಿಚ್ಚಿ ಗಾಲಿಗೆ ಹಾಕಬೇಕಂತೆ. ಅವನು ತಡೆದ. ಬರೀ ತಗಡಿನ ಮೇಲೆ ಕೂತರೆ ನಿನ್ನ ಸೊಂಟದ ಗತಿ ಏನು, ಬೇಡವೇ ಬೇಡ ಎಂದ. ಅವಳು ಗೋಣಿಯ ಹೊಲಿಗೆಗೆ ಬೆರಳು ತೂರಿಸಿ ಪರ್ರನೆ ಹರಿದಳು. ಹುಲ್ಲೆಲ್ಲ ನಾಲ್ಕು ಗಾಲಿಯ ಕೆಳಗೆ ಹೋಯಿತು, ಕಮಾನಿನ ಚಾಪೆ ಅದರ ಮೇಲೆ. ಅವಳಿಗಾಗಿ ಕಟ್ಟಿದ ಸುಖವೆಲ್ಲ ಕೆಸರು ಸೇರಿತು. ಅಕ್ಕನಾಗಮ್ಮ ಬರಿಯ ತಗಡಿನ ಮೇಲೆ ಹತ್ತಿ ಕೂತು ಮೇಳಿ ಹಿಡಿದಳು.

"ತಮ್ಮಾ, ಅವತ್ತು ಇದೇ ಇಳಿಜಾರಲ್ಲಿ ಎತ್ತು ಜೋರಾಗಿ ಹೊಡಿ ಅಂದಿದ್ದು ಯಾರು?"

ಪರಮಶಿವಪ್ಪ ಹತ್ತಿ ಸ್ಟೇರಿಂಗ್ ಹಿಡಿದು ಕೂತ. ಅದೆಲ್ಲ ಈಗ ಯಾಕೆ ಎಂದು ಗೊಣಗಿದ.

"ನಾನು. ತವರ ಗದ್ದೆ ಕಂಡು ತಡೀಲಾರದೆ, ಹೊಡಿ ಹೊಡಿ ಅಂತ ನಿನ್ನ ಬೆನ್ನಿಗೆ ಗುದ್ದಿದ್ದೆ. ಮನೆ ತುಂಬ ಜನ ನಿನ್ನ ಬೈವಾಗ ನೀನು ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅಪ್ಪ ನಿನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋದ. ಸೊಂಟ ನೆಟ್ಟಗಾಗಿ ಆರು ವರ್ಷ ಆತು ಕಣೋ. ಕುಂಟೋದು ಬಿಟ್ಟರೆ ನೋವಿಲ್ಲ. ನಿನ್ನ ಮುಖ ನೋಡೋಕೆ ನಾಚಿಕೆಯಾಗಿ ಬರಲಿಲ್ಲ."

ಪರಮಶಿವಪ್ಪನಿಗೆ ಮುಂದಿನ ಗಾಜು ಮಂಜಾಗಿ ಕಂಡಿತು. ಗಾಜಿನ ತಪ್ಪೇನೂ ಇರಲಿಲ್ಲ. ಲೋಕಪ್ಪ ಸುಮ್ಮನೆ ಒಂದು ಗಾಲಿಯ ನಟ್ಟು ತಿರುಗಿಸಿ ನೋಡತೊಡಗಿದ. ನನಗೆ ಗೊತ್ತಿತ್ತಲ್ಲಕ್ಕಾ, ಸಿಟ್ಟೇನೂ ಇರಲಿಲ್ಲ ಎಂದ ಪರಮಶಿವಪ್ಪ. ಅದಕ್ಕೇ ನಾಚಿಕೆ ಎಂದಳು ಅವಳು. ಊಟಕ್ಕೆ ಕೂತಾಗ ಎಲ್ಲರ ಮುಂದೆ ಹೇಳುತ್ತೇನೆ, ಲೋಕಪ್ಪನೊಬ್ಬ ಕೇಳಿದರೆ ಸಾಲದು ಎಂದೂ ಹೇಳಿದಳು. ಆಮೇಲೆ ಮುಷ್ಟಿ ಕಟ್ಟಿ ತಮ್ಮನ ಬೆನ್ನಿಗೆ ಒಂದು ಗುದ್ದು ಗುದ್ದಿದಳು.

"ಹೊಡಿ."

ಅವನು ಹೊಡೆದ. ಹುಲ್ಲು ಕರಕರ ಎಂದಿತು, ನಾಲ್ಕೂ ಗಾಲಿ ಕಚ್ಚಿಕೊಂಡು ಜೀಪು ಕೆಸರಿನಿಂದ ಎದ್ದು ಇಳಿಜಾರಿನಲ್ಲಿ ಧಡಧಡನೆ ಓಡಿತು. ಹಿಂದೆ ತಗಡಿನ ಮೇಲೆ ಎಗರುತ್ತ ಅಕ್ಕನಾಗಮ್ಮ ಹುಡುಗಿಯ ಹಾಗೆ ನಗುತ್ತಿದ್ದಳು. ಅದರ ಹಿಂದೆ ಲೋಕಪ್ಪ ರುಮಾಲು ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದ, ಅವನನ್ನು ಹತ್ತಿಸಿಕೊಳ್ಳಲು ಇಬ್ಬರಿಗೂ ನೆನಪಾಗಿರಲಿಲ್ಲ.

ಹೊತ್ತು ಸರಿಯಾಗಿ ನೆತ್ತಿಯ ಮೇಲಿತ್ತು. ಅಕ್ಕನಾಗಮ್ಮ ಇಳಿದವಳೇ ನೀಲಾಂಬಿಕಳ ತಲೆಯಿಂದ ಬುಟ್ಟಿ ಇಸಿದುಕೊಂಡು ತನ್ನ ತಲೆಯ ಮೇಲಿಟ್ಟುಕೊಂಡಳು. ಕುಂಟುತ್ತಲೇ ಬದುವಿನ ಮೇಲೆ ನಡೆದಳು, ಬುಟ್ಟಿ ಒಂದಿಷ್ಟೂ ಅಲುಗಲಿಲ್ಲ.