ಮೂರನೇ ಸಲದ ಒತ್ತಾಯ

ಚೀನಾದಲ್ಲಿ ಅಕ್ಟೋಬರ್ ರಜೆ ಬಂತೆಂದರೆ ದೇಶಕ್ಕೆ ದೇಶವೇ ರೈಲು ಹತ್ತುತ್ತದೆ. ಗೊತ್ತಿದ್ದೂ ಗೊತ್ತಿದ್ದೂ ಶುಯಿಂಗ್ ಚೆಂಗ್ಡುವಿನಿಂದ ಹೊರಟಳು. ಮೂರು ವರ್ಷದಿಂದ ಅವಳ ರಜೆಗಳೆಲ್ಲ ಅಮ್ಮನ ಮನೆಯಲ್ಲಿ, ಅಮ್ಮ ಹುಡುಕಿ ತಂದ ಗಂಡುಗಳ ಎದುರು ಚಹಾ ಕುಡಿಯುವುದರಲ್ಲೇ ಮುಗಿದಿದ್ದವು. ಈ ಸಲ 'ಆಫೀಸಿನಲ್ಲಿ ಡ್ಯೂಟಿ ಹಾಕಿದ್ದಾರಮ್ಮ' ಎಂದು ಹಸಿ ಸುಳ್ಳು ಹೇಳಿ, ಬೆನ್ನಿಗೊಂದು ಚೀಲ ಏರಿಸಿಕೊಂಡು, ಹುವಾಂಗ್‌ಶಾನ್ ಬೆಟ್ಟ ಹತ್ತಲು ಹೊರಟಿದ್ದಳು. ಇದೊಂದು ರಜೆಯಾದರೂ ತನ್ನದಾಗಲಿ ಎಂಬುದಷ್ಟೇ ಅವಳ ಆಸೆ.

ಬೆಟ್ಟದವರೆಗೆ ಟಿಕೆಟ್ ಎಲ್ಲಿ ಸಿಗಬೇಕು? ಅರ್ಧ ದಾರಿಗೆ ಕೊಂಡು, ಹತ್ತಿದ ಮೇಲೆ ಉಳಿದ ದಾರಿಗೆ ದುಡ್ಡು ಕಟ್ಟುವುದೆಂದು ಉಪಾಯ ಮಾಡಿದಳು. ಇಡೀ ಬೋಗಿಯೇ ಅದೇ ಉಪಾಯ ಮಾಡಿತ್ತು.

"ಟಿಕೆಟ್ ಮುಂದುವರಿಸೋದಿಲ್ಲ! ಎಲ್ಲಿಗಿದ್ಯೋ ಅಲ್ಲೇ ಇಳೀರಿ!" ಎಂದು ಟಿಸಿ ಹೆಂಗಸು ಗಂಟಲು ಹರಿದುಕೊಂಡಳು. "ನನ್ನ ಮುಖ ನೋಡಿದ್ರೆ ಸೀಟು ಹುಟ್ಟಲ್ಲ!"

ಹೆಸರೂ ಕೇಳಿರದ ಊರಿನಲ್ಲಿ ಶುಯಿಂಗ್ ಇಳಿದಳು. ಫೋನ್ ಮಾಡಿದ ಲಾಡ್ಜುಗಳೆಲ್ಲ ಭರ್ತಿ. ದಾರಿಯುದ್ದಕ್ಕೂ ಸೂರ್ಯಕಾಂತಿ ಬೀಜ ತಿನ್ನಿಸಿದ್ದ ಪಕ್ಕದ ಸೀಟಿನ ಯಾನ್ ಚಿಕ್ಕಮ್ಮನೂ ಅಲ್ಲೇ ಇಳಿದಿದ್ದರು. ಅದು ಅವರದೇ ಊರು.

"ನಮ್ಮನೇಲಿ ಉಳ್ಕೋ ಬಾರೇ."

"ಅಯ್ಯೋ ಬೇಡ ಚಿಕ್ಕಮ್ಮ, ನಿಮಗ್ಯಾಕೆ ತೊಂದ್ರೆ."

"ಎಂಥಾ ತೊಂದ್ರೆ? ಬಾ ಬಾ."

"ಇಲ್ಲ ಇಲ್ಲ, ಹೇಗೋ ಆಗತ್ತೆ."

ಎರಡು ಸಲ ಬೇಡ ಎನ್ನುವುದು ಮರ್ಯಾದೆ, ಮೂರನೇ ಸಲ ಒಪ್ಪಿಕೊಳ್ಳುವುದು ಪದ್ಧತಿ. ಒಪ್ಪಲು ಶುಯಿಂಗ್ ಬಾಯಿ ತೆರೆದೇ ನಿಂತಿದ್ದಳು. ಚಿಕ್ಕಮ್ಮ, "ಸರಿ, ನಿನ್ನಿಷ್ಟ" ಎಂದವರೇ ಚೀಲ ಎತ್ತಿಕೊಂಡು ಹೊರಟೇಬಿಟ್ಟರು.

ಮಾನ ಮರ್ಯಾದೆಯನ್ನು ಪ್ಲಾಟ್‌ಫಾರ್ಮಿನಲ್ಲೇ ಬಿಟ್ಟು ಅವಳು ಹಿಂದೆ ಓಡಿದಳು. "ಚಿಕ್ಕಮ್ಮಾ! ಇನ್ನೊಂದ್ಸಲ ಕರೀರಿ!"

"ಹಾಗೆ ಬಾ ದಾರಿಗೆ! ಬೆಂಚಿನ ಮೇಲೆ ಮಲಗೋ ಗತಿ ಬಂದಿದೆ, ಸಂಕೋಚ ಬೇರೆ ಕೇಡು!"

ಮನೆ ಸೇರಿದ್ದೇ ಒಲೆ ಹಚ್ಚಿ ಬೇಯಿಸಿದ, ಹಬೆಯಾಡುವ ಮಾಂಸದ ಕಡುಬು. ಚಿಕ್ಕಮ್ಮ ಬಡಿಸಿದರು, ಮತ್ತೆ ಬಡಿಸಿದರು. "ನನ್ನ ಮಗಳೂ ನಿನ್ನ ವಯಸ್ಸಿನವಳೇ ಕಣೇ. ಪಾಪ, ರಜೆಗೂ ಡ್ಯೂಟಿ ಹಾಕಿದ್ದಾರಂತೆ. ಮಾಡಿದ್ದನ್ನ ಯಾರು ತಿನ್ಬೇಕು ಹೇಳು."

ಎತ್ತಿದ ಕಡುಬನ್ನು ಶುಯಿಂಗ್ ತಟ್ಟೆಗೇ ಇಳಿಸಿದಳು. ಆ ಡ್ಯೂಟಿ ಎಂಥದ್ದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪನಿಲ್ಲದ ಮನೆಯಲ್ಲಿ ಅಮ್ಮನೂ ಹೀಗೇ ಒಬ್ಬಳೇ ಕೂತಿರುತ್ತಾಳೆ. ಬೆಟ್ಟ ಹಾಳಾಗಿ ಹೋಗಲಿ ಎಂದುಕೊಂಡು ಅಂಗಳಕ್ಕೆ ಬಂದು ಫೋನ್ ಮಾಡಿದಳು.

"ಅಮ್ಮಾ, ಡ್ಯೂಟಿ ಕ್ಯಾನ್ಸಲ್ ಆಯ್ತು. ನಾಳೆ ಮನೆಗೆ ಬರ್ತೀನಿ. ಗಂಡು ಬೇಕಾದ್ರೂ ತೋರ್ಸು, ನೋಡ್ತೀನಿ."

ಆ ಕಡೆಯಿಂದ ಅಲೆಗಳ ಸದ್ದು, ನಾಲ್ಕಾರು ಹೆಂಗಸರ ಕೇಕೆ.

"ಬರ್ಬೇಡ ಕಣೇ!" ಅಮ್ಮನ ದನಿ ಗಾಬರಿಯಿಂದ ಬಂತು. "ನಾನು ಊರಲ್ಲಿಲ್ಲ. ಗೆಳತಿಯರ ಜೊತೆ ಚಿಂಗ್‌ಡಾವೋಗೆ ಬಂದಿದೀನಿ, ಸಮುದ್ರ ನೋಡೋಕೆ."

"ಮತ್ತೆ ಬೆಳಿಗ್ಗೆ ಫೋನಲ್ಲಿ ಒಬ್ಬಳೇ ಬೇಜಾರು ಅಂತಿದ್ದೆ?"

"ಅನ್ನದೆ? ನೀನು ಡ್ಯೂಟಿ ಅಂತ ಗೋಳಾಡ್ತಿದ್ರೆ ನಾನಿಲ್ಲಿ ಕುಣೀತಿದೀನಿ ಅನ್ಲಾ? ಪ್ರತಿ ರಜೆಗೂ ಬಂದು ಕೂತ್ಬಿಡ್ತೀಯ, ನಾನು ಎಲ್ಲಿಗೆ ಹೋಗ್ಲಿ? ಮದುವೆಯಾದ್ರೆ ರಜೆಗೆ ಅತ್ತೆಮನೆಗೆ ಹೋಗ್ತೀಯ ಅಂತಾನೇ ಅಲ್ವೇನೇ ನಾನು ಗಂಡು ಹುಡುಕ್ತಿರೋದು!"