ನಾಲ್ಕನೇ ಗೇರಿಗೆ ಹಾಕಿದರೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಇಡೀ ಬೀದಿಗೆ ಗೊತ್ತು. ಮೂರು ದಿನದಿಂದ ಆ ಕೋಪವನ್ನೆಲ್ಲ ಭಾವನ ಹಳೇ ಕಾರಿನ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಅಕ್ಕ ನನ್ನ ಗ್ಯಾರೇಜಿನ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

ತಿಂಗಳ ಹಿಂದೆ ಭಾವನಿಗೆ ಎದೆನೋವು ಬಂದಾಗ ಅಕ್ಕನೇ ಈ ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟಿದ್ದಳು. ದಾರಿಯಲ್ಲಿ ಮೂರು ಸಲ ಎಂಜಿನ್ ನಿಂತಿತು. ಭಾವ ಆಸ್ಪತ್ರೆಯ ಗೇಟಿನವರೆಗೂ ಉಳಿಯಲಿಲ್ಲ.

"ನನಗೆ ಓಡಿಸೋಕೆ ಬರಲ್ಲ ಕಣೋ. 'ನೀನು ಓಡಿಸಿದ್ರೆ ಸೈಕಲ್‌ನೋರೂ ಬೆಲ್ ಹೊಡೆದು ಮುಂದೆ ಹೋಗ್ತಾರೆ' ಅಂತ ಅವರು ನಗಾಡ್ತಿದ್ರಲ್ಲ," ಎಂದಳು ಅಕ್ಕ.

"ಗಾಡೀದೇ ತಪ್ಪು. ಹುಡುಕಿ ತೋರಿಸ್ತೀನಿ, ಸುಮ್ನಿರು," ಎಂದು ಗದರಿದೆ. ಹುಡುಕಲೇಬೇಕಿತ್ತು. ಇಲ್ಲದಿದ್ದರೆ ಗಂಡನನ್ನು ತಾನೇ ಕೊಂದೆ ಎಂದುಕೊಂಡೇ ಅವಳು ಉಳಿದ ಆಯುಸ್ಸು ಕಳೆಯಬೇಕಿತ್ತು.

ಕಾರು ಮಾತ್ರ ಸಾಧು ಪ್ರಾಣಿಯ ಹಾಗೆ ನಿಂತಲ್ಲೇ ಗುರುಗುಡುತ್ತಿತ್ತು. ಪೆಟ್ರೋಲ್ ಎತ್ತುವ ಪಂಪು ಬಿಚ್ಚಿದೆ, ಫಿಲ್ಟರ್ ಬದಲಿಸಿದೆ, ಕಿಡಿ ಹಾರಿಸುವ ಕಾಯಿಲ್ ಬದಲಿಸಿದೆ, ಬೀದಿಯಲ್ಲಿ ಎರಡು ಸುತ್ತು ಹೊಡೆದೆ. ಏನೂ ಇಲ್ಲ. ನಾಲ್ಕನೇ ದಿನ ತಲೆಕೆಟ್ಟು ಅಕ್ಕನನ್ನೂ ಕೂರಿಸಿಕೊಂಡು ದೊಡ್ಡ ರಸ್ತೆಗೆ ಹೋದೆ. ನಾಲ್ಕನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಕೆಮ್ಮಿ, ಕಪ್ಪು ಹೊಗೆ ಬಿಟ್ಟು ನಿಂತೇಬಿಟ್ಟಿತು. ಎರಡು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಏನೂ ಆಗದ ಹಾಗೆ ಸ್ಟಾರ್ಟ್ ಆಯಿತು.

"ಹೀಗೇ ಆಗಿದ್ದು!" ಅಕ್ಕ ನನ್ನ ತೋಳು ಹಿಡಿದಳು. "ಹಾಗಾದ್ರೆ ನನ್ನ ತಪ್ಪಲ್ಲ, ಅಲ್ವೇನೋ?"

"ನಾನು ಹೇಳ್ಲಿಲ್ವಾ?" ಎಂದೆ. ನನಗೆ ಎಷ್ಟು ಖುಷಿಯಾಯಿತೆಂದರೆ, ನೆನೆದರೆ ಈಗ ನಾಚಿಕೆಯಾಗುತ್ತದೆ.

ಗ್ಯಾರೇಜಿಗೆ ಬಂದೆವು. ಅಕ್ಕ ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಳು, ನಾನು ಪ್ಲಗ್ಗುಗಳನ್ನು ಬಿಚ್ಚಿದೆ. ಮಸಿ ಹಿಡಿದಿದ್ದವು. ಪೆಟ್ರೋಲಿಗೇನೂ ಕೊರತೆಯಿಲ್ಲ, ಗಾಳಿ ಸಾಲುತ್ತಿಲ್ಲ. ಕಾರ್ಬ್ಯುರೇಟರಿಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪು ಕಳಚಿ ಬೆರಳು ಹಾಕಿದೆ. ಮೆತ್ತಗೆ ಏನೋ ಸಿಕ್ಕಿತು. ಎಳೆದರೆ ಬಟ್ಟೆ.

ಭಾವ ಸಾಯುವ ಒಂದು ವಾರ ಮುಂಚೆ ಈ ಕಾರನ್ನು ಸರ್ವಿಸ್ ಮಾಡಿದವನು ನಾನೇ. ಬಿಚ್ಚಿದ ಪೈಪಿನೊಳಗೆ ನಟ್ಟು ಬೀಳದಿರಲಿ ಎಂದು ಬಟ್ಟೆ ತುರುಕುವುದು ನನ್ನ ಅಭ್ಯಾಸ. ಅಂದು ಯಾರ ಮೇಲೋ ರೇಗುತ್ತಾ, ತೆಗೆಯದೆ ಹಾಗೇ ಜೋಡಿಸಿಬಿಟ್ಟಿದ್ದೆ. ನಿಧಾನಕ್ಕೆ ಹೋದರೆ ಅದು ಸುಮ್ಮನೆ ಬಿದ್ದಿರುತ್ತದೆ. ಜೋರಾಗಿ ಹೋದರೆ ಎಂಜಿನ್ ಅದನ್ನೇ ಎಳೆದುಕೊಂಡು ಉಸಿರು ಕಟ್ಟಿ ನಿಲ್ಲುತ್ತದೆ. ಅಕ್ಕ ಜನ್ಮದಲ್ಲಿ ಒಂದೇ ಒಂದು ಸಲ ಜೋರಾಗಿ ಓಡಿಸಿದ್ದಳು.

ಬಟ್ಟೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ. ಏನೋ ಕಸ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಂಚು ಹೊರಗೆ ಇಣುಕುತ್ತಿತ್ತು. ಭಾವನ ಹಳೇ ಶರ್ಟುಗಳನ್ನು ಹರಿದು, ಕೈ ಒರೆಸಿಕೊಳ್ಳಲು ನನಗೆ ಕಳಿಸುತ್ತಿದ್ದವಳು ಅವಳೇ.

"ಅವರ ನೀಲಿ ಗೀರಿನ ಶರ್ಟು," ಎಂದಳು. ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕಾ, ನಾನೇ ಮರೆತು..."

ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟೆ ತೆಗೆದುಕೊಂಡಳು. ಮಂಡಿಯ ಮೇಲಿಟ್ಟು ಸುಕ್ಕು ಸವರಿದಳು.

"ಈಗ ಸರಿಹೋಯ್ತಾ ಗಾಡಿ?"

"ಹೂಂ."

ಕೀ ಕೇಳಲಿಲ್ಲ. ಬಟ್ಟೆಯನ್ನು ಬ್ಯಾಗಿಗೆ ಹಾಕಿಕೊಂಡು ನಡೆದುಕೊಂಡೇ ಹೋದಳು. ನಾನು ಪೈಪು ಜೋಡಿಸಿ ಕಾರನ್ನು ದೊಡ್ಡ ರಸ್ತೆಗೆ ತಂದೆ, ನಾಲ್ಕನೇ ಗೇರಿಗೆ ಹಾಕಿದೆ. ಆಸ್ಪತ್ರೆಯ ಗೇಟಿನವರೆಗೂ ಅದು ಎಲ್ಲೂ ನಿಲ್ಲಲಿಲ್ಲ.